ದೊಡ್ಡ ಅಕ್ವೇರಿಯಂಗೆ ಮನೆಯಲ್ಲಿ ಯಾವ ಜಾಗ? ಮುಂಬಯಿ ಫ್ಲ್ಯಾಟುಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಆರಡಿ ಉದ್ದದ ಅಕ್ವೇರಿಯಂ ಮಾಡಿಸಬೇಕೆಂದು ಮನಸ್ಸು ಮಾಡಿದವರು ಮೊದಲು ಹೋಗುವುದು ಕ್ರಾಫರ್ಡ್ ಮಾರ್ಕೆಟ್ಟಿಗೆ. ಅಲ್ಲಿ ಗಾಜಿನ ದಪ್ಪ, ಲೈಟು, ಫಿಲ್ಟರು, ಮೀನಿನ ಜಾತಿ ಎಲ್ಲದರ ಮಾತೂ ಆಗುತ್ತದೆ. ಟ್ಯಾಂಕ್ ಕೂರುವ ನೆಲ ಎಂಥದ್ದು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಮುಂಗಡ ಕೊಟ್ಟು ಮನೆಗೆ ಬಂದ ಮೇಲೆ ಸೋಫಾ ಸರಿಸಿ, ಟಿವಿ ಸರಿಸಿ, ಎಲ್ಲಿ ಹಿಡಿಸುತ್ತದೋ ಅಲ್ಲಿ ಇಟ್ಟುಬಿಡುತ್ತಾರೆ. ನನ್ನ ಪ್ರಕಾರ ಇದು ತಲೆಕೆಳಗಾದ ಕ್ರಮ. ಜಾಗವನ್ನು ಮೊದಲು ಗೊತ್ತುಮಾಡಬೇಕು. ಆ ಜಾಗ ತಾಳುವಷ್ಟು, ಆ ಜಾಗಕ್ಕೆ ನೀರು ಬಂದು ಹೋಗುವಷ್ಟು ಟ್ಯಾಂಕ್ ಕಟ್ಟಿಸಬೇಕು. ಮಾಟುಂಗದ ಹಳೆಯ ಕಟ್ಟಡದಲ್ಲಿರಲಿ, ಡೊಂಬಿವಲಿಯ ನಾಲ್ಕು ಮಹಡಿಯ ಸೊಸೈಟಿಯಲ್ಲಿರಲಿ, ಥಾಣೆಯ ಗೋಪುರದ ಇಪ್ಪತ್ತನೇ ಮಹಡಿಯಲ್ಲಿರಲಿ, ಈ ಕ್ರಮ ಬದಲಾಗುವುದಿಲ್ಲ.

ಭಾರದ ಲೆಕ್ಕ

6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಟ್ಯಾಂಕನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. ಅದು 24 ಘನ ಅಡಿ, ಅಂದರೆ ಸುಮಾರು 680 ಲೀಟರ್. ಅಂಚಿನವರೆಗೆ ತುಂಬಿಸುವುದಿಲ್ಲ, ಮರಳು ಕಲ್ಲುಗಳೂ ಸ್ವಲ್ಪ ಜಾಗ ತಿನ್ನುತ್ತವೆ. ಆದ್ದರಿಂದ ನೀರು 600 ಲೀಟರ್ ಎಂದುಕೊಳ್ಳಿ. ಒಂದು ಲೀಟರ್ ನೀರು ಒಂದು ಕಿಲೋ. 12 ಮಿ.ಮೀ. ಗಾಜು ಚದರ ಮೀಟರಿಗೆ 30 ಕಿಲೋ ತೂಗುವುದರಿಂದ ಬರಿ ಗಾಜೇ ಸುಮಾರು 125 ಕಿಲೋ. ಮರಳು, ಕಲ್ಲು, ಕಬ್ಬಿಣದ ಸ್ಟ್ಯಾಂಡ್, ಪ್ಲೈವುಡ್, ನೀರು ಶುದ್ಧಮಾಡಲು ಕೆಳಗೆ ಇಡುವ ಎರಡನೇ ಟ್ಯಾಂಕು ಅಂದರೆ ಸಂಪ್‌ನಲ್ಲಿರುವ ನೀರು ಎಲ್ಲ ಸೇರಿದಾಗ ಒಟ್ಟು ಒಂದು ಟನ್ನಿನ ಹತ್ತಿರ ಬರುತ್ತದೆ. ಇಷ್ಟೂ ಭಾರ ಬೀಳುವುದು 12 ಚದರ ಅಡಿಯ ಮೇಲೆ. ಹದಿನೈದು ಮಂದಿ ದೊಡ್ಡವರು ಒಂದು ಮಂಚದಷ್ಟೂ ಇಲ್ಲದ ಜಾಗದಲ್ಲಿ ಒತ್ತಿಕೊಂಡು, ವರ್ಷಗಟ್ಟಲೆ ಕದಲದೆ ನಿಂತಂತೆ.

ನಮ್ಮ ದೇಶದ ಮಾನಕ ಐಎಸ್ 875ರ ಎರಡನೇ ಭಾಗ, ವಾಸದ ಕೋಣೆಗಳ ನೆಲವನ್ನು ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಬಳಕೆಯ ಭಾರಕ್ಕೆ ವಿನ್ಯಾಸ ಮಾಡಬೇಕೆನ್ನುತ್ತದೆ. ನಮ್ಮ ಟ್ಯಾಂಕು ತನ್ನ ಪಾದದಡಿಯಲ್ಲಿ ಒತ್ತುವುದು ಚದರ ಮೀಟರಿಗೆ 900 ಕಿಲೋ. ಇದನ್ನು ನೋಡಿ ಕೆಲವರು ಗಾಬರಿಯಾಗಿ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಗಾಬರಿ ಬೇಡ. 10 ಅಡಿಗೆ 12 ಅಡಿಯ ಕೋಣೆಯ ಒಟ್ಟು ಲೆಕ್ಕ ಹಾಕಿದರೆ ನೆಲ ಎರಡು ಸಾವಿರ ಕಿಲೋಗೂ ಹೆಚ್ಚಿನ ಹರಡಿದ ಭಾರಕ್ಕೆ ತಯಾರಾಗಿರುತ್ತದೆ. ಆದರೆ ಟ್ಯಾಂಕಿನ ಭಾರ ಹರಡಿದ ಭಾರವಲ್ಲ. ಸ್ಲ್ಯಾಬಿನ ನಡುವೆ ಇಟ್ಟರೆ ಅದು ಬಾಗುತ್ತದೆ, ಕಂಬದ ಮಗ್ಗುಲಲ್ಲಿ ತೊಲೆಯ ಮೇಲೆ ಇಟ್ಟರೆ ಭಾರ ನೇರವಾಗಿ ಕಂಬಕ್ಕೆ ಇಳಿಯುತ್ತದೆ. ಅದೇ ಟ್ಯಾಂಕು, ಅದೇ ಕೋಣೆ; ನಾಲ್ಕಡಿ ಆಚೀಚೆ ಇಟ್ಟರೆ ಫಲಿತಾಂಶವೇ ಬೇರೆ. ಇನ್ನೊಂದು ಮಾತು: ನೆಂಟರು ಬಂದು ಹೋಗುವ ಭಾರ ಬೇರೆ, ಹಗಲೂ ರಾತ್ರಿ ಇರುವ ಭಾರ ಬೇರೆ. ಎಡೆಬಿಡದ ಭಾರದಡಿ ಕಾಂಕ್ರೀಟು ವರ್ಷಗಳ ಮೇಲೆ ನಿಧಾನವಾಗಿ ಇನ್ನಷ್ಟು ಬಾಗುತ್ತದೆ. "ಮದುವೆಯ ದಿನ ಇದೇ ಹಾಲ್‌ನಲ್ಲಿ ಐವತ್ತು ಜನ ಇದ್ದರಲ್ಲ, ಏನಾಯಿತು?" ಎಂಬ ವಾದಕ್ಕೆ ಅದಕ್ಕೇ ಅರ್ಥವಿಲ್ಲ.

ಹಾಲ್, ಮಲಗುವ ಕೋಣೆ, ಬಾಲ್ಕನಿ

ಮುಂಬಯಿಯಲ್ಲಿ ಆಯ್ಕೆ ಹೆಚ್ಚಿರುವುದಿಲ್ಲ. ಸಾಮಾನ್ಯವಾಗಿ ಮೂರು ಜಾಗಗಳ ನಡುವೆ ತೂಗಾಡುತ್ತೇವೆ.

ಬಾಲ್ಕನಿಯನ್ನು ಮೊದಲೇ ಹೊರಗಿಡುತ್ತೇನೆ, ಏಕೆಂದರೆ ಅತಿ ಹೆಚ್ಚು ಜನ ಆರಿಸುವುದು ಅದನ್ನೇ. ಮಾನಕದಲ್ಲಿ ಬಾಲ್ಕನಿಗೆ ಚದರ ಮೀಟರಿಗೆ ಕನಿಷ್ಠ 3 ಕಿಲೋನ್ಯೂಟನ್ ಹೇಳಿರುವುದನ್ನು ತೋರಿಸಿ, ಕೋಣೆಗಿಂತ ಬಾಲ್ಕನಿಯೇ ಗಟ್ಟಿ ಎನ್ನುವವರಿದ್ದಾರೆ. ಸಂಖ್ಯೆ ಸರಿ, ತೀರ್ಮಾನ ತಪ್ಪು. ಬಹುತೇಕ ಬಾಲ್ಕನಿಗಳು ಒಂದೇ ಕಡೆ ಆಧಾರವಿರುವ ಚಾಚು ಸ್ಲ್ಯಾಬುಗಳು. ಭಾರ ಹೊರತುದಿಗೆ ಹೋದಷ್ಟೂ ಬುಡದ ಮೇಲಿನ ಒತ್ತಡ ಏರುತ್ತದೆ. ಅದರ ಮುಖ್ಯ ಕಬ್ಬಿಣ ಇರುವುದು ಸ್ಲ್ಯಾಬಿನ ಮೇಲ್ಭಾಗದಲ್ಲಿ. ಮಳೆ ನೀರು ಟೈಲ್ಸ್ ಸಂದಿಯಿಂದ ಇಳಿದು ಮೊದಲು ತುಕ್ಕು ಹಿಡಿಸುವುದು ಅದನ್ನೇ. ಮೇಲಾಗಿ ಬಾಲ್ಕನಿಯ ನೆಲ ನೀರು ಹರಿಯಲೆಂದು ಓರೆಯಾಗಿರುತ್ತದೆ, ಪಡುವಣ ಬಿಸಿಲು ನೇರ ಬಿದ್ದು ಪಾಚಿ ಬೆಳೆಯುತ್ತದೆ. ಬಾಲ್ಕನಿ ಗಿಡಗಳಿಗಿರಲಿ.

ಇಲ್ಲಿ ಮುಂಬಯಿಗೇ ವಿಶೇಷವಾದ ಒಂದು ಅಪಾಯವಿದೆ. ನಮ್ಮಲ್ಲಿ ಎಷ್ಟೋ ಫ್ಲ್ಯಾಟುಗಳಲ್ಲಿ ಬಾಲ್ಕನಿಯನ್ನೂ ಕಿಟಕಿಯಾಚೆಯ ಫ್ಲವರ್ ಬೆಡ್ಡನ್ನೂ ಒಳಗೆ ಸೇರಿಸಿ ಹಾಲ್ ದೊಡ್ಡದು ಮಾಡಿರುತ್ತಾರೆ. ಹತ್ತು ವರ್ಷದ ಹಿಂದೆ ಕೊಂಡವರಿಗೆ ಅದು ಹಾಲ್ ಆಗಿಯೇ ಗೊತ್ತು. ಕಿಟಕಿಯ ಕೆಳಗೆ ಆರಡಿ ಜಾಗ ಖಾಲಿ ಕಾಣುತ್ತದೆ, ಟ್ಯಾಂಕ್ ಅಲ್ಲಿಗೇ ಬರುತ್ತದೆ. ಅದು ಚಾಚು ಸ್ಲ್ಯಾಬಿನ ತುದಿ. ಗುರುತಿಸುವುದು ಕಷ್ಟವಲ್ಲ. ಹಾಲ್‌ನ ಛಾವಣಿ ನೋಡಿ: ಕಿಟಕಿಗೆ ಮೂರು ನಾಲ್ಕು ಅಡಿ ಮೊದಲೇ ಅಡ್ಡಲಾಗಿ ತೊಲೆಯೊಂದು ಇಳಿದಿದ್ದರೆ, ಅದರಾಚೆಯದು ಮೂಲದಲ್ಲಿ ಬಾಲ್ಕನಿ. ನೆಲದಲ್ಲೂ ಆ ಗೆರೆಯಲ್ಲೇ ಟೈಲ್ಸಿನ ಬಣ್ಣ ಅಥವಾ ಮಟ್ಟ ಚೂರು ಬದಲಾಗಿರುತ್ತದೆ. ಫಾಲ್ಸ್ ಸೀಲಿಂಗ್ ಹಾಕಿಸಿದ್ದರೆ ಲೈಟಿನ ತೂತಿನಿಂದ ಟಾರ್ಚ್ ಬಿಟ್ಟು ನೋಡಬಹುದು, ಇಲ್ಲವೇ ಕೆಳಗೆ ಇಳಿದು ಕಟ್ಟಡವನ್ನು ಹೊರಗಿನಿಂದ ನೋಡಬಹುದು.

ಮಲಗುವ ಕೋಣೆ ಎರಡನೆಯದು. ಪಂಪಿನ ಗುಂಯ್‌ಗುಟ್ಟುವಿಕೆ ಹಗಲು ಕೇಳಿಸದಿದ್ದರೂ ರಾತ್ರಿ ಎರಡು ಗಂಟೆಗೆ ಚೆನ್ನಾಗಿ ಕೇಳಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಸಿ. ರಾತ್ರಿ ಎಂಟು ಗಂಟೆ ಕಾಲ 24 ಡಿಗ್ರಿಗೆ ಇಟ್ಟು ಹಗಲೆಲ್ಲ ಮುಚ್ಚಿಟ್ಟ ಕೋಣೆಯಲ್ಲಿ ನೀರಿನ ಉಷ್ಣತೆ ದಿನವೂ ಏರಿಳಿಯುತ್ತದೆ. ಮೀನುಗಳಿಗೆ ಸ್ಥಿರವಾದ 29 ಡಿಗ್ರಿಯಾದರೂ ಸಹ್ಯ, ಏರಿಳಿತ ಸಹ್ಯವಲ್ಲ. ಮುಚ್ಚಿದ ಕೋಣೆಯಲ್ಲಿ ಟ್ಯಾಂಕಿನ ಆವಿ ಬಟ್ಟೆಯ ಕಪಾಟಿಗೆ ಇಳಿದು ಜುಲೈ ತಿಂಗಳಲ್ಲಿ ರೇಷ್ಮೆ ಸೀರೆಗೆ ಬೂಸ್ಟು ಹಿಡಿಯುತ್ತದೆ. ಮನೆಯ ಹೆಂಗಸರು ಇದನ್ನು ಮೊದಲೇ ಹೇಳಿದರೆ ಕೇಳಿಸಿಕೊಳ್ಳಿ.

ಹಾಲ್ ಉಳಿಯಿತು. ಗಾಳಿಯಾಡುತ್ತದೆ, ಮನೆಯವರ ಕಣ್ಣು ಸದಾ ಇರುತ್ತದೆ, ಸೋರಿದರೆ ಕೂಡಲೇ ಗೊತ್ತಾಗುತ್ತದೆ. ಒಂದೇ ಕೊರತೆ, ಬಚ್ಚಲು ದೂರ. ವಾರಕ್ಕೆ ಕಾಲುಭಾಗ ನೀರು ಬದಲಿಸಬೇಕೆಂದರೆ 150 ಲೀಟರ್ ಹೊರಗೆ, 150 ಲೀಟರ್ ಒಳಗೆ. ಬಕೆಟ್ಟಿನಲ್ಲಿ ಮೊದಲ ತಿಂಗಳು ಹುರುಪಿನಿಂದ ಮಾಡುತ್ತೀರಿ, ಮೂರನೇ ತಿಂಗಳು ಮುಂದೂಡುತ್ತೀರಿ, ಆರನೇ ತಿಂಗಳು ಮೀನು ಸಾಯುತ್ತದೆ. ಆದ್ದರಿಂದ ಹಾಲ್‌ನಲ್ಲೇ ಅಡುಗೆಮನೆಗೋ ಬಚ್ಚಲಿಗೋ ಹತ್ತಿರದ ಗೋಡೆಯನ್ನು ಆರಿಸಿ. ಪೈಪು ನಹಾಣಿ ಟ್ರ್ಯಾಪಿನವರೆಗೆ, ಅಂದರೆ ಬಚ್ಚಲ ನೆಲದಿಂದ ನೀರು ಹೊರಹೋಗುವ ಕಂಡಿಯವರೆಗೆ, ಇಳಿಜಾರಾಗಿ ಮುಟ್ಟಬೇಕು. ಆದರೆ ಬಚ್ಚಲಿನ ನೆಲದ ಮೇಲೇ, ಅಥವಾ ಬಚ್ಚಲನ್ನು ಮುಚ್ಚಿ ಕೋಣೆ ಮಾಡಿದ ಜಾಗದ ಮೇಲೆ ಬೇಡ. ಅಲ್ಲಿ ಸ್ಲ್ಯಾಬನ್ನು ತಗ್ಗಿಸಿ ಇಟ್ಟಿಗೆ ಚೂರು, ಗಾರೆ ತುಂಬಿರುತ್ತಾರೆ. ಅದರದೇ ಭಾರ ಸಾಕಷ್ಟಿರುತ್ತದೆ, ನೀರಿನ ಪೈಪುಗಳೂ ಅದರೊಳಗೇ ಹಾದಿರುತ್ತವೆ.

ವಾಸ್ತುವಿನ ಪ್ರಕಾರ ಈಶಾನ್ಯ ಎಂದು ಹಿರಿಯರು ಹೇಳಿದರೆ, ಈಶಾನ್ಯದ ಮೂಲೆಯಲ್ಲಿ ಕಂಬವಿದೆಯೇ ನೋಡಿ. ಇದ್ದರೆ ಎರಡೂ ಕೂಡಿ ಬಂತು. ಇಲ್ಲದಿದ್ದರೆ ಅಲ್ಲಿ ಪುಟ್ಟ ಟ್ಯಾಂಕೊಂದನ್ನು ಇಟ್ಟು, ದೊಡ್ಡದನ್ನು ಕಂಬವಿರುವ ಕಡೆಗೆ ತನ್ನಿ.

ಹೊರಗೋಡೆಯೋ ಒಳಗೋಡೆಯೋ

ಈ ಪ್ರಶ್ನೆಯ ಮೇಲೆ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಎರಡು ಸರಿಯಾದ ಸಲಹೆಗಳು ಇಲ್ಲಿ ಒಂದಕ್ಕೊಂದು ಎದುರಾಗುತ್ತವೆ. ಹೊರಗೋಡೆಯಡಿ ಸಾಮಾನ್ಯವಾಗಿ ತೊಲೆ ಇರುತ್ತದೆ, ಆದ್ದರಿಂದ ಭಾರಕ್ಕೆ ಒಳ್ಳೆಯದು. ಆದರೆ ಮುಂಬಯಿಯ ಮಳೆ ಪಡುವಣ ಗೋಡೆಗೆ ನಾಲ್ಕು ತಿಂಗಳು ಬಾರಿಸುತ್ತದೆ; ಗೋಡೆ ಹೊರಗಿನಿಂದ ನೆನೆದು, ಒಳಗಿನಿಂದ ಟ್ಯಾಂಕಿನ ಆವಿ ತಾಗಿ, ಬಣ್ಣ ಹಪ್ಪಳಿಕೆಯಾಗಿ ಏಳುತ್ತದೆ. ಒಳಗೋಡೆ ಒಣಗಿರುತ್ತದೆ, ಆದರೆ ನಾಲ್ಕೂವರೆ ಅಂಗುಲದ ಎಷ್ಟೋ ಅಡ್ಡಗೋಡೆಗಳು ಬರಿ ಸ್ಲ್ಯಾಬಿನ ಮೇಲೆ ನಿಂತಿರುತ್ತವೆ, ಕೆಳಗೆ ತೊಲೆಯೇ ಇರುವುದಿಲ್ಲ. ಅಂಥ ಗೋಡೆಗೆ ಆನಿಸಿ ಒಂದು ಟನ್ ಇಟ್ಟರೆ, ಆಗಲೇ ಭಾರ ಹೊತ್ತ ಸ್ಲ್ಯಾಬಿಗೆ ಮತ್ತೊಂದು ಹೊರೆ.

ತೊಲೆ ಎಲ್ಲಿದೆ ಎಂದು ತಿಳಿಯುವ ಸುಲಭದ ದಾರಿ ತಲೆ ಎತ್ತಿ ನೋಡುವುದು. ನಿಮ್ಮ ಛಾವಣಿಯಲ್ಲಿ ಕಾಣುವ ತೊಲೆಗಳು ಮೇಲಿನ ಮನೆಯ ನೆಲವನ್ನು ಹೊತ್ತವು. ಒಂದೇ ನಕ್ಷೆಯ ಮಹಡಿಗಳಲ್ಲಿ ನಿಮ್ಮ ನೆಲದಡಿಯೂ ಅದೇ ಜೋಡಣೆ ಇರುತ್ತದೆ. ಕೊನೆಯ ಮಹಡಿ, ಪಾರ್ಕಿಂಗ್‌ನ ಮೇಲಿನ ಮೊದಲ ಮಹಡಿ, ಇವೆರಡರಲ್ಲಿ ಈ ಲೆಕ್ಕ ತಪ್ಪಬಹುದು. ಕೆಳಗಿನ ಮನೆಯವರೊಡನೆ ಸಲಿಗೆಯಿದ್ದರೆ ಅವರ ಹಾಲ್‌ಗೆ ಹೋಗಿ ಛಾವಣಿಯನ್ನೇ ನೋಡಿ ಬನ್ನಿ. ಹೇಗೂ ಈ ವಿಷಯ ಅವರಿಗೆ ಗೊತ್ತಿರಬೇಕು. ನನ್ನ ಆಯ್ಕೆಯ ಕ್ರಮ ಹೀಗೆ: ಎರಡು ಕಂಬಗಳ ನಡುವೆ ತೊಲೆಯಿರುವ ಒಳಗೋಡೆ ಎಲ್ಲಕ್ಕಿಂತ ಮೇಲು, ಅದು ಸಿಗದಿದ್ದರೆ ತೊಲೆಯಿರುವ ಹೊರಗೋಡೆ, ಆದರೆ ಪಡುವಣದ್ದು ಬೇಡ, ಬಾಲ್ಕನಿಯ ಗೆರೆಯಾಚೆ ಬೇಡ. ಹೊರಗೋಡೆಯಾದರೆ ಟ್ಯಾಂಕಿಗೂ ಗೋಡೆಗೂ ನಡುವೆ ನಾಲ್ಕು ಅಂಗುಲವಾದರೂ ಬಿಡಿ. ಗಾಳಿ ಆಡುತ್ತದೆ, ಪೈಪು ಹಿಡಿಸುತ್ತದೆ, ಕೈ ಹಾಕಿ ಒರೆಸಬಹುದು. ತೊಲೆಯಿಲ್ಲದ ಅಡ್ಡಗೋಡೆಯೊಂದೇ ಗತಿಯಾದರೆ ಟ್ಯಾಂಕಿನ ಅಳತೆ ಕಡಿಮೆ ಮಾಡಿ.

ಥಾಣೆ, ನವಿ ಮುಂಬಯಿಯ ಹೊಸ ಗೋಪುರಗಳಲ್ಲಿ ಮಿವಾನ್ ಪದ್ಧತಿಯಲ್ಲಿ ಗೋಡೆಗಳನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದಿರುತ್ತಾರೆ. ಅಂಥ ಗೋಡೆಯ ಬುಡದಲ್ಲಿ ಸ್ಲ್ಯಾಬು ಗಟ್ಟಿ. ಆದರೆ ಪೈಪಿಗೋ ವೈರಿಗೋ ಗೋಡೆ ಕೊರೆಯುವ ಮಾತು ಅಲ್ಲಿ ಎತ್ತಲೇಬಾರದು. ಕೆಲವು ಕಟ್ಟಡಗಳಲ್ಲಿ ಸ್ಲ್ಯಾಬಿನೊಳಗೆ ಬಿಗಿದೆಳೆದ ಉಕ್ಕಿನ ತಂತಿಗಳಿರುತ್ತವೆ. ಡ್ರಿಲ್ ತಾಗಿ ಅದು ಕಡಿದರೆ ಪ್ರಾಣಾಪಾಯ. ಎಲ್ಲ ಪೈಪು, ವೈರು ಮೇಲಿಂದಲೇ ಹೋಗಲಿ.

ಹಳೆಯ ಕಟ್ಟಡಗಳ ಬಗ್ಗೆ ನಿಷ್ಠುರವಾಗಿ ಹೇಳಬೇಕಾಗುತ್ತದೆ. ಗಿರ್ಗಾಂವ್, ಪರೇಲ್ ಕಡೆಯ ಮರದ ತೊಲೆಯ ಚಾಳುಗಳಲ್ಲಿ ಇಂಥ ಟ್ಯಾಂಕ್ ಬೇಡವೇ ಬೇಡ. ಮೂವತ್ತು ವರ್ಷ ದಾಟಿದ ಕಟ್ಟಡಕ್ಕೆ ಮುಂಬಯಿ ಮಹಾನಗರ ಪಾಲಿಕೆಯ ಕಾಯಿದೆ 353ಬಿ ಕಲಮಿನಡಿ ರಚನಾ ತಪಾಸಣೆ ಕಡ್ಡಾಯ. ಆ ವರದಿ ಸೊಸೈಟಿಯ ಕಚೇರಿಯಲ್ಲಿರುತ್ತದೆ, ಸದಸ್ಯರಾಗಿ ಕೇಳಿ ಓದಿ. ನಿಮ್ಮ ಛಾವಣಿಯಲ್ಲಿ ಕಂದು ಕಲೆ, ತೊಲೆಯ ಉದ್ದಕ್ಕೂ ಬಿರುಕು, ಉದುರಿದ ಗಾರೆ, ಹೊರಗೆ ಇಣುಕಿದ ತುಕ್ಕು ಕಬ್ಬಿಣ, ಇವುಗಳಲ್ಲಿ ಒಂದು ಕಂಡರೂ ದುರಸ್ತಿಯಾಗುವವರೆಗೆ ದೊಡ್ಡ ಟ್ಯಾಂಕಿನ ಮಾತು ಬೇಡ. ಎಲ್ಲ ಸರಿ ಕಂಡರೂ ಪರವಾನಗಿಯುಳ್ಳ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ಜಾಗ ತೋರಿಸಿ, ಅವರಿಂದ ಬರಹದಲ್ಲಿ ಅಭಿಪ್ರಾಯ ಪಡೆಯಿರಿ. ಟ್ಯಾಂಕ್ ಮಾಡುವವರು "ಎಷ್ಟೋ ಕಡೆ ಇಟ್ಟಿದ್ದೇವೆ, ಏನೂ ಆಗುವುದಿಲ್ಲ" ಎನ್ನುತ್ತಾರೆ. ಅವರು ಗಾಜಿನ ಕೆಲಸ ಬಲ್ಲವರು, ನಿಮ್ಮ ಕಟ್ಟಡವನ್ನಲ್ಲ.

ಅಳತೆ: ಎತ್ತರವೋ ಅಗಲವೋ

ನೋಡುವ ಕಣ್ಣಿಗೆ ಎತ್ತರದ ಟ್ಯಾಂಕ್ ಚಂದ. ಆದರೆ ಗಾಜಿನ ಮೇಲಿನ ಒತ್ತಡವನ್ನು ನಿರ್ಧರಿಸುವುದು ನೀರಿನ ಎತ್ತರ. ನೆಲದ ಪ್ರತಿ ಚದರ ಮೀಟರಿನ ಮೇಲೆ ನೀರು ಹೇರುವ ಭಾರವೂ ಅದರ ಎತ್ತರದಷ್ಟೇ. 6 ಅಡಿ, 2 ಅಡಿ, 2 ಅಡಿಯ ಟ್ಯಾಂಕಿನ ಬದಲು 6 ಅಡಿ ಉದ್ದ, ಎರಡೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ ಎಂದುಕೊಳ್ಳಿ. ನೀರು 680ರಿಂದ 637 ಲೀಟರಿಗೆ ಇಳಿಯುತ್ತದೆ, ಅಷ್ಟೇ. ಒತ್ತಡ ಕಾಲುಭಾಗ ತಗ್ಗುತ್ತದೆ. ಮೀನಿಗೆ ತಿರುಗಲು ಜಾಗ, ನೀರಿಗೆ ಗಾಳಿ ತಾಗುವ ಮೇಲ್ಮೈ ಎರಡೂ ಹೆಚ್ಚುತ್ತವೆ. ತಳದ ಕಸ ತೆಗೆಯಲು ಕೈ ಮುಟ್ಟುತ್ತದೆ. ಎರಡೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ಭುಜದವರೆಗೆ ಮುಳುಗಿಸಿದರೂ ತಳ ಸಿಗುವುದಿಲ್ಲ. ಹಾಲ್‌ನಲ್ಲಿ ಅರ್ಧ ಅಡಿ ನಡೆಯುವ ಜಾಗ ಹೋಗುತ್ತದೆ ಎಂಬುದು ನಿಜ. ಆದರೂ ಅಗಲದ ಪರವಾಗಿಯೇ ನನ್ನ ಮತ.

ಗಾಜು, ಅಕ್ರಿಲಿಕ್, ಮತ್ತು ಲಿಫ್ಟಿನ ಬಾಗಿಲು

ಮರೀನ್ ಡ್ರೈವಿನ ತಾರಾಪೋರ್‌ವಾಲಾ ಮತ್ಸ್ಯಾಲಯ 2015ರಲ್ಲಿ ನವೀಕರಣಗೊಂಡು ತೆರೆದಾಗ ಮಕ್ಕಳೆಲ್ಲ ಬಾಯಿ ತೆರೆದು ನಿಂತದ್ದು ಅಲ್ಲಿನ ಅಕ್ರಿಲಿಕ್ ಸುರಂಗದಲ್ಲಿ. ಅದನ್ನು ನೋಡಿ ಬಂದವರಿಗೆ ಮನೆಗೂ ಅಕ್ರಿಲಿಕ್ ಬೇಕೆನಿಸುವುದು ಸಹಜ. ಅಕ್ರಿಲಿಕ್ ಗಾಜಿನ ಅರ್ಧಕ್ಕಿಂತ ಕಡಿಮೆ ತೂಗುತ್ತದೆ, ಬಾಗಿಸಬಹುದು, ಪೆಟ್ಟಿಗೆ ಚೂರಾಗುವುದಿಲ್ಲ. ಆದರೆ ಪಾಚಿ ಉಜ್ಜುವಾಗ ಒಂದು ಮರಳಿನ ಕಣ ಸಿಕ್ಕಿದರೂ ಗೀರು ಬೀಳುತ್ತದೆ, ಆ ಗೀರು ಲೈಟ್ ಹಾಕಿದಾಗಲೆಲ್ಲ ಹೊಳೆಯುತ್ತದೆ. ಆರೇಳು ಅಡಿಯ ಮನೆ ಟ್ಯಾಂಕಿಗೆ ಗಾಜೇ ಸರಿ. ಒಂದು ಟನ್ ಭಾರದಲ್ಲಿ ಗಾಜಿನ ಪಾಲು ಎಂಟನೇ ಒಂದರಷ್ಟು. ಅಲ್ಲಿ ಎಪ್ಪತ್ತು ಕಿಲೋ ಉಳಿಸಿ ಸಾಧಿಸುವುದು ಹೆಚ್ಚೇನಿಲ್ಲ. ಮುಂದಿನ ಗಾಜಿಗೆ ಮಾತ್ರ ಹಸಿರು ಛಾಯೆಯಿಲ್ಲದ, ಕಬ್ಬಿಣದಂಶ ಕಡಿಮೆಯಿರುವ ಪಾರದರ್ಶಕ ಗಾಜು ಹಾಕಿಸಿ, 12 ಮಿ.ಮೀ. ದಪ್ಪದಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿದೆ. ಟಫನ್ಡ್ ಗಾಜಾದರೆ ಪೈಪಿನ ತೂತುಗಳನ್ನೆಲ್ಲ ಮೊದಲೇ ಕೊರೆಸಬೇಕು, ಆಮೇಲೆ ಕೊರೆದರೆ ಇಡೀ ಹಲಗೆ ಚೂರಾಗುತ್ತದೆ.

ಅಂಗಡಿಯಲ್ಲೇ ಅಂಟಿಸಿದ ಟ್ಯಾಂಕ್ ತರಬೇಕೋ, ಮನೆಯಲ್ಲೇ ಕಟ್ಟಿಸಬೇಕೋ? ಅಂಗಡಿಯಲ್ಲಿ ಸಮತಟ್ಟಾದ ಮೇಜು, ಧೂಳಿಲ್ಲದ ಜಾಗ ಇರುತ್ತದೆ, ನೀರು ತುಂಬಿ ಪರೀಕ್ಷಿಸಿಯೇ ಕಳಿಸಬಹುದು. ಕೆಲಸ ಅಚ್ಚುಕಟ್ಟು. ನೆಲಮಹಡಿಯವರು, ಅಗಲವಾದ ಸರ್ವಿಸ್ ಲಿಫ್ಟ್ ಇರುವ ಗೋಪುರದವರು ಅದನ್ನೇ ಆರಿಸಲಿ. ಆದರೆ ನಾಲ್ಕು ಜನ ಹಿಡಿಸುವ ಲಿಫ್ಟು, ಎರಡು ಕಡೆ ತಿರುಗುವ ಮೆಟ್ಟಿಲು ಇರುವ ಸಾವಿರಾರು ಸೊಸೈಟಿಗಳಲ್ಲಿ ಆರಡಿ ಪೆಟ್ಟಿಗೆ ಮೂರನೇ ಮಹಡಿಗೆ ಹತ್ತುವುದೇ ಇಲ್ಲ. ಹತ್ತಿದರೂ ಮುಂದೆ ಮನೆ ಬದಲಿಸುವಾಗ ಇಳಿಯಬೇಕು. ಅಂಥಲ್ಲಿ ಗಾಜಿನ ಹಲಗೆಗಳನ್ನು ಬಿಡಿಬಿಡಿಯಾಗಿ ತಂದು ಮನೆಯಲ್ಲೇ ಅಂಟಿಸಬೇಕು. ಸಿಲಿಕೋನ್ ಗಟ್ಟಿಯಾಗಲು ಒಂದು ವಾರವಾದರೂ ಬಿಡಿ. ಮಾಡುವವರು ಎರಡೇ ದಿನ ಸಾಕೆಂದು ಅವಸರಿಸಿದರೂ ಒಪ್ಪಬೇಡಿ. ಆ ವಾರ ಮನೆಯಲ್ಲಿ ವಿನೆಗರಿನ ಘಾಟು ತುಂಬಿರುತ್ತದೆ, ಉಬ್ಬಸವಿರುವವರಿದ್ದರೆ ಬೇರೆ ಕಡೆ ಮಲಗುವ ವ್ಯವಸ್ಥೆ ಮಾಡಿ. ಆರ್ಡರ್ ಕೊಡುವ ಮೊದಲು ಟೇಪ್ ಹಿಡಿದು ಲಿಫ್ಟಿನ ಬಾಗಿಲು, ಅದರ ಮೂಲೆಯಿಂದ ಮೂಲೆಗೆ ಅಳತೆ, ಮನೆಯ ಬಾಗಿಲಿನ ಅಗಲ ಬರೆದುಕೊಳ್ಳಿ.

ನೆಲ ಮತ್ತು ಸ್ಟ್ಯಾಂಡ್

ವಿಟ್ರಿಫೈಡ್ ಟೈಲ್ಸಿನ ಮೇಲೆ ಒಂದು ರೂಪಾಯಿ ನಾಣ್ಯದಿಂದ ತಟ್ಟುತ್ತ ಹೋಗಿ. ಕೆಳಗೆ ಗಾರೆ ತುಂಬಿರುವ ಕಡೆ ಸದ್ದು ಚುಟುಕಾಗಿ, ಗಟ್ಟಿಯಾಗಿ ಬರುತ್ತದೆ. ಟೊಳ್ಳಿರುವ ಕಡೆ ಮಡಕೆ ತಟ್ಟಿದ ಹಾಗೆ ತೆರೆದ ಸದ್ದು. ಸ್ಟ್ಯಾಂಡಿನ ಕಾಲು ಟೊಳ್ಳಿನ ಮೇಲೆ ಬಂದರೆ ಟೈಲ್ ಒಂದು ದಿನ ಟಪ್ಪೆಂದು ಒಡೆಯುತ್ತದೆ, ಆ ಕ್ಷಣದಲ್ಲಿ ಟ್ಯಾಂಕಿನ ಒಂದು ಮೂಲೆ ಕುಸಿಯುತ್ತದೆ, ಗಾಜು ಅದನ್ನು ಸಹಿಸುವುದಿಲ್ಲ. ಅಂಥ ಟೈಲುಗಳನ್ನು ಮೊದಲೇ ಎಬ್ಬಿಸಿ ಗಾರೆ ತುಂಬಿ ಮತ್ತೆ ಹಾಕಿಸಬೇಕು. ಮಟ್ಟ ನೋಡಲು ಗೌಂಡಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪೇ ಸಾಕು. ಆರಡಿಯಲ್ಲಿ ಎರಡು ಮೂರು ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಸ್ಟ್ಯಾಂಡಿನ ಕೆಳಗೆ ತಗಡು ಕೊಟ್ಟು ಸರಿಮಾಡಿ. ಗಾಜಿನ ಕೆಳಗೆ ಮಾತ್ರ ಬಿಲ್ಲೆ ತುರುಕಬಾರದು. ಅಲ್ಲಿಗೆ ಉದ್ದಕ್ಕೂ ಒಂದೇ ದಪ್ಪದ ಫೋಮ್ ಹಾಳೆ.

ಸ್ಟ್ಯಾಂಡಿಗೆ ಬಡಗಿ ಪ್ಲೈವುಡ್ ಎನ್ನುತ್ತಾನೆ, ವೆಲ್ಡರ್ ಕಬ್ಬಿಣ ಎನ್ನುತ್ತಾನೆ, ಗೌಂಡಿ ಸಿಪೋರೆಕ್ಸ್ ಎಂಬ ಹಗುರ ಕಾಂಕ್ರೀಟ್ ಇಟ್ಟಿಗೆ ಎನ್ನುತ್ತಾನೆ. ಒಂದು ಟನ್ನಿಗೆ ಚೌಕ ಕಬ್ಬಿಣದ ಪೈಪಿನ ಚೌಕಟ್ಟೇ ಸರಿ. ಸಾಮಾನ್ಯ ಬಣ್ಣದ ಬದಲು ಎಪಾಕ್ಸಿ ಬಳಿಸಿ, ಬೆಸುಗೆಯ ಸಂದಿಗಳಿಗೆ ಎರಡು ಸಲ. ಕಾಲುಗಳು ನಾಲ್ಕು ಬಿಂದುಗಳ ಮೇಲೆ ನಿಲ್ಲದೆ, ಕೆಳಗೆ ಉದ್ದಕ್ಕೂ ಓಡುವ ಪಟ್ಟಿಯ ಮೇಲೆ ನಿಲ್ಲಲಿ. ಮೇಲ್ಹಲಗೆಗೆ ಐಎಸ್ 710 ಗುರುತಿನ ಮರೀನ್ ಪ್ಲೈ ಕೇಳಿ ಪಡೆಯಿರಿ. ಐಎಸ್ 303ರ ಸಾಧಾರಣ ಪ್ಲೈ ಮಳೆಗಾಲದಲ್ಲಿ ಪದರ ಬಿಡುತ್ತದೆ.

ನೀರು, ಫಿಲ್ಟರ್, ಕರೆಂಟ್

ಸಂಪ್ ಎಂದರೆ ಟ್ಯಾಂಕಿನ ಕೆಳಗೆ ಇನ್ನೊಂದು ಟ್ಯಾಂಕ್; ಕ್ಯಾನಿಸ್ಟರ್ ಎಂದರೆ ಮುಚ್ಚಿದ ಡಬ್ಬಿಯ ಫಿಲ್ಟರ್. ಕ್ಯಾನಿಸ್ಟರ್ ಸದ್ದಿಲ್ಲದ್ದು, ಜಾಗ ಕಡಿಮೆ, ತೂತು ಕೊರೆಯಬೇಕಿಲ್ಲ. ಸಂಪ್ ಒಟ್ಟು ನೀರನ್ನು ಹೆಚ್ಚಿಸುತ್ತದೆ, ಹೀಟರು ಪಂಪು ಎಲ್ಲ ಮರೆಯಾಗುತ್ತವೆ, ಆವಿಯಾದ ನೀರು ತಾನಾಗಿ ತುಂಬುವ ಏರ್ಪಾಡು ಸುಲಭ. 400 ಲೀಟರ್ ಮೀರಿದ ಟ್ಯಾಂಕಿಗೆ ನಾನು ಸಂಪ್ ಎನ್ನುತ್ತೇನೆ. ಒಂದು ಷರತ್ತು: ಕರೆಂಟ್ ಹೋದಾಗ ಮೇಲಿನಿಂದ ಇಳಿದು ಬರುವ ನೀರು ಪೂರ್ತಿ ಹಿಡಿಸುವಷ್ಟು ಖಾಲಿ ಜಾಗ ಸಂಪ್‌ನಲ್ಲಿ ಇರಬೇಕು. ಮೊದಲ ದಿನವೇ ಸ್ವಿಚ್ ಆರಿಸಿ ಕಣ್ಣೆದುರು ಪರೀಕ್ಷಿಸಿ. ಇಡೀ ಸ್ಟ್ಯಾಂಡಿನ ಕೆಳಗೆ ಅಂಚಿರುವ ತಟ್ಟೆಯೊಂದನ್ನು ಮಾಡಿಸಿ, ನೀರು ತಾಗಿದರೆ ಕೂಗುವ ಅಲಾರಂ ಇಡಿ. ಕೆಳಗಿನ ಮನೆಯ ಛಾವಣಿಯಲ್ಲಿ ಕಲೆ ಮೂಡಿದ ಮೇಲೆ ಸೊಸೈಟಿಯ ಸಭೆಯಲ್ಲಿ ವಾದಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು.

ಸ್ವಿಚ್ ಬೋರ್ಡ್ ಟ್ಯಾಂಕಿನ ಹಿಂದೆಯೂ ಬೇಡ, ಕೆಳಗೂ ಬೇಡ. ಮಗ್ಗುಲಿನಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ ಇರಲಿ. ಮೀಟರಿನಿಂದಲೇ ಪ್ರತ್ಯೇಕ ಸರ್ಕ್ಯೂಟ್ ಎಳೆಸಿ, ಕರೆಂಟ್ ಸೋರಿದರೆ ತಾನಾಗಿ ಆರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಪ್ರತಿ ವೈರೂ ಪ್ಲಗ್ಗಿಗೆ ಏರುವ ಮೊದಲು ಕೆಳಗೆ ಜೋತು ಬಳುಕಿರಲಿ, ವೈರಿನ ಮೇಲೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಮುಂಬಯಿಯಲ್ಲಿ ಕರೆಂಟ್ ಹೋಗುವುದಿಲ್ಲ ಎನ್ನುವವರು 2020ರ ಅಕ್ಟೋಬರ್ 12ನ್ನು ನೆನಪಿಸಿಕೊಳ್ಳಲಿ. ಅಂದು ಲೋಕಲ್ ರೈಲುಗಳೇ ನಿಂತಿದ್ದವು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಕರಗಿದರೆ 30 ಡಿಗ್ರಿಯಲ್ಲಿ ಏಳೂವರೆ. ಮೀನು ತುಂಬಿದ ಟ್ಯಾಂಕಿನಲ್ಲಿ ಪಂಪ್ ನಿಂತರೆ ಕೆಲವೇ ಗಂಟೆಗಳಲ್ಲಿ ಅವು ಮೇಲೆ ಬಂದು ಬಾಯಿ ಬಿಡುತ್ತವೆ. ಬ್ಯಾಟರಿಯ ಏರ್ ಪಂಪಾದರೂ ಇರಬೇಕು.

ತಂಪಿನ ಪ್ರಶ್ನೆ, ಮತ್ತು ಪುಣೆ, ಗೋವಾದವರಿಗೆ

ಮುಂಬಯಿಯ ನೀರು ತಾನ್ಸಾ, ಭಾತ್ಸಾ, ವೈತರಣಾ ಮುಂತಾದ ಕೆರೆಗಳಿಂದ ಬರುತ್ತದೆ, ಸಾಮಾನ್ಯವಾಗಿ ಮೃದು. ಕ್ಲೋರಿನ್ ತೆಗೆದರೆ ಹೆಚ್ಚಿನ ಸಿಹಿನೀರಿನ ಮೀನುಗಳಿಗೆ ಹೊಂದುತ್ತದೆ. ತೊಂದರೆ ಸೆಕೆಯದು. ಮೇ ತಿಂಗಳಲ್ಲಿ ನೀರು 31, 32 ಡಿಗ್ರಿ ಮುಟ್ಟುತ್ತದೆ. ಮೇಲ್ಮೈಗೆ ಬೀಸುವ ಸಣ್ಣ ಫ್ಯಾನುಗಳು ಆವಿಯಿಂದ ತಂಪು ಮಾಡುತ್ತವೆ, ಆದರೆ ನಮ್ಮ ಗಾಳಿಯಲ್ಲೇ ನೀರು ತುಂಬಿರುವುದರಿಂದ ಅವು ಇಲ್ಲಿ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಡಿಸ್ಕಸ್‌ನಂಥ ಬಿಸಿನೀರಿನ ಮೀನು ಸಾಕುವವರಿಗೆ ಚಿಂತೆಯಿಲ್ಲ. ಗಿಡಗಳ ಟ್ಯಾಂಕ್, ಗೋಲ್ಡ್‌ಫಿಶ್, ಹವಳದ ಕಡಲ ಟ್ಯಾಂಕ್ ಎಂದರೆ ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್, ಬೇಕೇ ಬೇಕು. ಚಿಲ್ಲರನ್ನು ಸ್ಟ್ಯಾಂಡಿನ ಕಪಾಟಿನೊಳಗೆ ಮುಚ್ಚಿಟ್ಟರೆ ತನ್ನದೇ ಬಿಸಿಗಾಳಿಯನ್ನು ತಾನೇ ಎಳೆದುಕೊಂಡು ಕೆಡುತ್ತದೆ. ಅದನ್ನು ಡ್ರೈ ಬಾಲ್ಕನಿಯಲ್ಲಿಡಿ, ಇಲ್ಲವೇ ಕಪಾಟಿನ ಎರಡು ಕಡೆ ಜಾಲರಿ ಬಿಡಿಸಿ.

ಪುಣೆಯಲ್ಲಿ ಲೆಕ್ಕ ತಿರುಗುತ್ತದೆ. ಅಲ್ಲಿನ ಏಪ್ರಿಲ್ ಒಣಹವೆಯಲ್ಲಿ ಅದೇ ಅಗ್ಗದ ಫ್ಯಾನು ಚೆನ್ನಾಗಿ ಕೆಲಸ ಮಾಡುತ್ತದೆ, ಚಿಲ್ಲರಿನ ಖರ್ಚು ಎಷ್ಟೋ ಸಲ ಉಳಿಯುತ್ತದೆ. ಆದರೆ ನೀರು ಬೇಗ ಇಂಗುವುದರಿಂದ ದಿನವೂ ತುಂಬಬೇಕು. ಡಿಸೆಂಬರಿನ ರಾತ್ರಿಗಳಿಗೆ ಹೀಟರ್ ಕಡ್ಡಾಯ, ಮುಂಬಯಿಯಲ್ಲಿ ಅದು ಹೆಚ್ಚಿನವರಿಗೆ ಬೇಕಾಗುವುದೇ ಇಲ್ಲ. ಹಿಂಜವಡಿ, ವಾಕಡ್, ವಾಘೋಲಿ ಕಡೆ ಟ್ಯಾಂಕರಿನ ಬೋರ್‌ವೆಲ್ ನೀರು ಬರುವ ಸೊಸೈಟಿಯಾದರೆ ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಹಿಡಿದು ಕೆಲವು ವಾರ ಅಳೆಯಿರಿ. ಒಂದು ಟ್ಯಾಂಕರಿಗೂ ಇನ್ನೊಂದಕ್ಕೂ ಗಡಸುತನ ಬದಲಾಗುತ್ತದೆ, ಈ ಏರುಪೇರು ಗಡಸುತನಕ್ಕಿಂತ ಹೆಚ್ಚು ಹಾನಿಕರ. 200 ಲೀಟರಿನ ಡ್ರಮ್ಮಿನಲ್ಲಿ ನೀರು ಹಿಡಿದಿಟ್ಟು, ಅಳೆದು ಬಳಸುವ ಜಾಗವೂ ಕೋಣೆಯ ಯೋಜನೆಯಲ್ಲಿ ಸೇರಿರಬೇಕು.

ಮಡಗಾಂವ್, ವಾಸ್ಕೊ ಕಡೆ ಸ್ವಂತ ಮನೆಯಿರುವವರು ಈ ವಿಷಯದಲ್ಲಿ ಪುಣ್ಯವಂತರು. ನೆಲಮಹಡಿಯಲ್ಲಿ ಸ್ಲ್ಯಾಬಿನ ಚಿಂತೆಯಿಲ್ಲ. ಆದರೂ ಹಳೆಯ ಜಂಬಿಟ್ಟಿಗೆ ಮನೆಯ ಕೆಂಪು ಗಾರೆಯ ನೆಲದಡಿ ಮಣ್ಣು ಕೂತಿದೆಯೋ ಕುಸಿದಿದೆಯೋ ನೋಡಬೇಕು. ಸಂಶಯವಿದ್ದರೆ ಆ ಆರಡಿ ಭಾಗವನ್ನು ಅಗೆದು ಕಾಂಕ್ರೀಟ್ ಹಾಸು ಹಾಕಿಸುವುದು ದೊಡ್ಡ ಕೆಲಸವೇನಲ್ಲ. ಜಂಬಿಟ್ಟಿಗೆ ಗೋಡೆ ನೀರು ಹೀರುತ್ತದೆ, ಮರದ ಸ್ಟ್ಯಾಂಡಿಗೆ ಗೆದ್ದಲು ಹತ್ತುತ್ತದೆ, ಕಡಲ ಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಅಲ್ಲಿ ಕಾಂಕ್ರೀಟ್ ಅಥವಾ ಸಿಪೋರೆಕ್ಸ್ ಕಟ್ಟೆಯ ಮೇಲೆ ಗ್ರಾನೈಟ್ ಹಾಸಿ ಟ್ಯಾಂಕ್ ಇಡುವುದೇ ಜಾಣತನ. ಮುಂಬಯಿಯ ಮೂರನೇ ಮಹಡಿಯಲ್ಲಿ ಇದೇ ಕಟ್ಟೆ ಹೆಚ್ಚುವರಿ ಭಾರವಾಗುತ್ತದೆ. ಮಳೆಗಾಲದಲ್ಲಿ ಕರೆಂಟ್ ಗಂಟೆಗಟ್ಟಲೆ ಹೋಗುವ ಕಡೆ ಇನ್ವರ್ಟರಿಗೆ ಟ್ಯಾಂಕಿನ ಪಂಪನ್ನೂ ಜೋಡಿಸಿ. 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿ 50 ವಾಟಿನ ಪಂಪನ್ನು ಒಂದು ದಿನದ ಹತ್ತಿರ ನಡೆಸಬಲ್ಲದು.

ನೀರು ತುಂಬುವ ದಿನ

ಒಂದೇ ದಿನ ತುಂಬಬೇಡಿ. ಮೊದಲ ದಿನ ಮೂರನೇ ಒಂದು ಭಾಗ ತುಂಬಿ ನಿಲ್ಲಿಸಿ. ಮರುದಿನ ಮಟ್ಟದ ಪೈಪನ್ನು ಮತ್ತೆ ಹಿಡಿದು ನೋಡಿ, ಸ್ಟ್ಯಾಂಡಿನ ಕಾಲಿನ ಸುತ್ತ ಟೈಲುಗಳನ್ನು ತಟ್ಟಿ, ಕೆಳಗಿನ ಮನೆಯ ಛಾವಣಿಯನ್ನು ಅವರ ಒಪ್ಪಿಗೆಯಿಂದ ಫೋಟೋ ತೆಗೆಯಿರಿ. ಆಮೇಲೆ ಇನ್ನೊಂದು ಭಾಗ, ಮತ್ತೆ ಒಂದು ದಿನ. ಪೂರ್ತಿ ತುಂಬಿದ ಮೇಲೆ ವಾರ ಬಿಟ್ಟು ಅದೇ ಛಾವಣಿಯ ಫೋಟೋ ಮತ್ತೊಮ್ಮೆ. ಹೊಸ ಬಿರುಕು ಒಂದು ಕೂದಲಷ್ಟು ಕಂಡರೂ ನೀರು ಖಾಲಿ ಮಾಡಿ ಎಂಜಿನಿಯರಿಗೆ ತೋರಿಸಿ.

ನಮ್ಮಂಥ ಊರಿರುವವರಿಗೆ ಇನ್ನೊಂದು ಮಾತು. ಮಕ್ಕಳ ರಜೆ ಸಿಕ್ಕಿದೊಡನೆ ಮತ್ಸ್ಯಗಂಧ ರೈಲು ಹತ್ತಿ ಹದಿನೈದು ದಿನಕ್ಕೆ ಊರಿಗೆ ಹೊರಡುವುದು ಮೇ ತಿಂಗಳಲ್ಲಿ, ಅಂದರೆ ನೀರು ಅತ್ಯಂತ ಬಿಸಿಯಾಗಿ, ಅತ್ಯಂತ ಬೇಗ ಇಂಗುವ ಹೊತ್ತಿಗೆ. ಮನೆಯ ಕಿಟಕಿಗಳೂ ಆಗ ಮುಚ್ಚಿರುತ್ತವೆ. ತಾನಾಗಿ ನೀರು ತುಂಬುವ ಡ್ರಮ್ಮಿಗೆ ಎಲ್ಲಿ ಜಾಗ, ಯಾವ ಕಿಟಕಿ ತೆರೆದಿಡಬಹುದು, ಮುಖ್ಯ ಸ್ವಿಚ್ ಆರಿಸಿ ಹೋಗುವ ಅಭ್ಯಾಸದ ನಡುವೆಯೂ ಟ್ಯಾಂಕಿನ ಸರ್ಕ್ಯೂಟ್ ಹೇಗೆ ಉಳಿಯುತ್ತದೆ, ಮನೆಯ ಕೀಲಿ ಯಾವ ನೆರೆಯವರ ಬಳಿ ಇರುತ್ತದೆ, ಇವೆಲ್ಲ ಕೋಣೆ ಆರಿಸುವಾಗಲೇ ಗೊತ್ತಾಗಬೇಕು. ಕೀಲಿ ಹಿಡಿಯುವವರಿಗೆ ಮೀನಿನ ಬಗ್ಗೆ ಏನೂ ತಿಳಿಯದಿದ್ದರೂ ನಡೆಯುತ್ತದೆ. ಎರಡು ದಿನಕ್ಕೊಮ್ಮೆ ಬಂದು ಪಂಪ್ ನಡೆಯುತ್ತಿದೆಯೇ, ತಟ್ಟೆ ಒಣಗಿದೆಯೇ ಎಂದು ನೋಡಿ ಫೋನ್ ಮಾಡಿದರೆ ಸಾಕು. ಮೀನಿಗೆ ಊಟ ಹಾಕುವ ಕೆಲಸವನ್ನು ಅವರಿಗೆ ಕೊಡಬೇಡಿ, ಪ್ರೀತಿಯಿಂದ ಹೆಚ್ಚು ಹಾಕಿ ನೀರು ಕೆಡಿಸುತ್ತಾರೆ. ಅದಕ್ಕೆ ಟೈಮರಿನ ಡಬ್ಬಿ ಇದೆ.